ಬೆಳಕೇ ಕೀಲಿಯಾದ ವಿದ್ಯುದ್ದ್ವಾರ

ಕೆರೆಯ ತೂಬನ್ನೆತ್ತಿದೊಡನೆ ನೀರು ಕಾಲುವೆಗೆ ಧುಮುಕುವಂತೆ, ಸ್ವಿಚ್ಚನ್ನೊತ್ತಿದೊಡನೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆದರೆ ಸಹಸ್ರಾರು ವೋಲ್ಟುಗಳ ಒತ್ತಡವನ್ನು ತಡೆದು ನಿಲ್ಲಿಸಿ, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನೊಳಗೆ ಅದನ್ನು ಬಿಟ್ಟುಕೊಡುವುದು ಕೈಯಿಂದ ಒತ್ತುವ ಸ್ವಿಚ್ಚಿಗೆ ಅಸಾಧ್ಯ. ಪ್ರಬಲ ಮೈಕ್ರೋವೇವ್ ತರಂಗಗಳ ಉತ್ಪಾದನೆಗೆ ಅಂತಹ ವೇಗವೇ ಅಗತ್ಯ. ಬೆಳಕಿನಿಂದ ಚಾಲಿತವಾಗುವ ಅರೆವಾಹಕ ಸ್ವಿಚ್ಚು ಇದನ್ನು ಸಾಧಿಸುತ್ತದೆ.

ಬೆಳಕು ಬಿದ್ದಾಗ ಸೆಲೆನಿಯಮ್ಮಿನ ವಿದ್ಯುದ್ರೋಧವು ಕುಗ್ಗುವುದನ್ನು 1873ರಲ್ಲಿ ವಿಲೋಬಿ ಸ್ಮಿತ್ ಅವರು ಪ್ರಕಟಪಡಿಸಿದರು. 1975ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೇವಿಡ್ ಆಸ್ಟನ್ ಅವರು ಲೇಸರ್ ಸ್ಪಂದಗಳಿಂದ ಸಿಲಿಕಾನಿನಲ್ಲಿ ಪಿಕೊಸೆಕೆಂಡು ವೇಗದ ಸ್ವಿಚ್ಚನ್ನು ಸಾಧಿಸಿ ತೋರಿದರು.

ಇದರ ತತ್ತ್ವ ಸರಳ. ಕತ್ತಲೆಯಲ್ಲಿ ಅರೆವಾಹಕವು ಅವಾಹಕಪ್ರಾಯವಾಗಿರಬೇಕು. ಬೆಳಕಿನ ಕಣವು ತಗುಲಿದಾಗ ಇಲೆಕ್ಟ್ರಾನ್ ಬಿಡುಗಡೆ ಹೊಂದಿ ವಿದ್ಯುತ್ತಿಗೆ ದಾರಿಯಾಗಬೇಕು. ಹೀಗಾಗಿ ವಸ್ತುವಿನ ಆಯ್ಕೆಯೇ ಮುಖ್ಯ ಪ್ರಶ್ನೆ. ಸಿಲಿಕಾನಿನ ಶಕ್ತಿಯ ಅಂತರ ಕೇವಲ 1.12 ಇಲೆಕ್ಟ್ರಾನ್ ವೋಲ್ಟ್. ಬೆಳಕಿಲ್ಲದಿದ್ದರೂ ಶಾಖದಿಂದಲೇ ಅದರಲ್ಲಿ ವಿದ್ಯುತ್ತು ಸೋರುತ್ತದೆ, ಸೋರಿಕೆ ಶಾಖವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಈ ಅಂತರ 1.42. ಒತ್ತಡ ಅಧಿಕವಾದಾಗ ಇದರಲ್ಲಿ ಇಲೆಕ್ಟ್ರಾನುಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಸುವುದರಿಂದ ಅಲ್ಪ ಬೆಳಕೇ ಸಾಕು. ಆದರೆ ಆಗ ಪ್ರವಾಹವು ನೂಲೆಳೆಗಳಂತೆ ಒಂದೆಡೆ ಕೂಡಿಕೊಂಡು, ಲೋಹವು ಬೆಸೆದಿರುವ ಎಡೆಯನ್ನು ಸುಡುತ್ತದೆ. ಬೆಳಕಿನಲ್ಲಿ ಮಾಡಿದ ಉಳಿತಾಯವು ಸ್ವಿಚ್ಚಿನ ಆಯುಷ್ಯದಲ್ಲಿ ನಷ್ಟವಾಗುತ್ತದೆ. ಸಿಲಿಕಾನ್ ಕಾರ್ಬೈಡಿನ 4ಎಚ್ ಎಂಬ ಪ್ರಭೇದದಲ್ಲಿ ಅಂತರ 3.26. ಇದು ಹಲವು ಪಟ್ಟು ಒತ್ತಡವನ್ನು ತಾಳುತ್ತದೆ, ಶಾಖವನ್ನು ಬೇಗನೆ ಸಾಗಿಸುತ್ತದೆ. ಆದರೆ ಹೆಚ್ಚು ಬೆಳಕನ್ನು ಬೇಡುತ್ತದೆ.

ನಿರ್ಮಾಣದಲ್ಲಿಯೂ ಎಚ್ಚರ ಅಗತ್ಯ. ಗ್ಯಾಲಿಯಂ ಆರ್ಸೆನೈಡಿನ ಬಿಲ್ಲೆಯನ್ನು ಶುದ್ಧಗೊಳಿಸಿ, ನಿರ್ವಾತದಲ್ಲಿ ಚಿನ್ನ, ಜರ್ಮೇನಿಯಂ, ನಿಕ್ಕಲ್‌ಗಳ ಲೇಪವನ್ನಿತ್ತು, ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಬೆಸೆಯುತ್ತಾರೆ. ಚೂಪಾದ ಅಂಚಿನಲ್ಲಿ ವಿದ್ಯುತ್‌ಕ್ಷೇತ್ರ ದಟ್ಟೈಸುವುದರಿಂದ ಲೋಹದ ಅಂಚುಗಳನ್ನು ದುಂಡಾಗಿಸುತ್ತಾರೆ. ಒಳಭಾಗಕ್ಕಿಂತ ಮೊದಲು ಮೇಲ್ಮೈಯಲ್ಲಿ ಕಿಡಿ ಹಾರುವ ಭಯವಿರುವುದರಿಂದ ಅದನ್ನು ಎಣ್ಣೆಯಂತಹ ಅವಾಹಕದಿಂದ ಮುಚ್ಚುತ್ತಾರೆ.

ಇನ್ನು ತರಂಗದ ಉತ್ಪತ್ತಿ. ವಾಹಕಮಾರ್ಗದ ಸಮಾನ ತುಂಡುಗಳಿಗೆ ಒಂದಕ್ಕೆ ಧನ, ಮುಂದಿನದಕ್ಕೆ ಋಣ ವಿದ್ಯುದಂಶವನ್ನು ತುಂಬಿ, ನಡುವಿನ ಸ್ವಿಚ್ಚುಗಳ ಮೇಲೆ ಏಕಕಾಲದಲ್ಲಿ ಲೇಸರನ್ನು ಹಾಯಿಸಿದರೆ, ಹೆಪ್ಪುಗಟ್ಟಿ ನಿಂತಿದ್ದ ಅಲೆಯು ಚಲಿಸತೊಡಗುತ್ತದೆ. ನ್ಯಾನೊಸೆಕೆಂಡಿಗೆ 20 ಸೆಂಟಿಮೀಟರು ವೇಗದ ಮಾರ್ಗದಲ್ಲಿ ಒಂದು ಗಿಗಾಹರ್ಟ್ಸಿನ ತರಂಗಕ್ಕೆ ಪ್ರತಿ ತುಂಡೂ 10 ಸೆಂಟಿಮೀಟರು ಇರಬೇಕು. ಒಂದು ಸ್ವಿಚ್ಚು ತಡವಾದರೂ ಅಲೆಯ ರೂಪ ಕೆಡುತ್ತದೆ. ಆದುದರಿಂದ ಇಲ್ಲಿ ಬಲಕ್ಕಿಂತಲೂ ಕಾಲನಿಯಮವೇ ಮಿಗಿಲೆಂಬುದು ವಿದಿತವಾಗುತ್ತದೆ.