ತ್ರಿಭುಜವನ್ನು ತಿರುಗಿಸಿ ನೋಡಲಿ

ಪ್ರಶ್ನೆ: ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದೇ ಪೈಥಾಗೊರಸ್ ಪ್ರಮೇಯ ಹೇಳಿಕೊಡುತ್ತೇನೆ. ಆದರೂ ಎಬಿಸಿ ಹೋಗಿ ಪಿಕ್ಯೂಆರ್ ಬಂದು, ಚಿತ್ರ ಸ್ವಲ್ಪ ವಾಲಿದರೆ ಸಾಕು, ವಿಕರ್ಣ ಯಾವುದೆಂದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಏನು ಮಾಡಲಿ?
– ಗಣಿತ ಶಿಕ್ಷಕಿ, ಮೂಡಿಗೆರೆ

ಉತ್ತರ: ಮೇಡಂ, ನಾವು ಬೋರ್ಡಿನ ಮೇಲೆ ಬರೆಯುವ ಲಂಬಕೋನ ತ್ರಿಭುಜ ಯಾವಾಗಲೂ ನೆಲಕ್ಕೆ ಕಾಲು ಚಾಚಿ ಕೂತಿರುತ್ತದೆ. ವರ್ಷವಿಡೀ ಅದನ್ನೇ ನೋಡಿದ ಮಕ್ಕಳಿಗೆ ಓರೆಯಾಗಿರುವ ಗೆರೆಯೇ ವಿಕರ್ಣ ಎಂದು ತಲೆಯಲ್ಲಿ ಕೂತುಬಿಡುತ್ತದೆ. ನೆದರ್‌ಲ್ಯಾಂಡ್ಸಿನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲ 1957ರಲ್ಲೇ ಇದನ್ನು ಹಂತಹಂತವಾಗಿ ವಿವರಿಸಿದ್ದರು. ಮಕ್ಕಳು ಆಕೃತಿಯನ್ನು ಮೊದಲು ಗುರುತಿಸುವುದು ಚಹರೆಯಿಂದ, ಆಮೇಲೆ ಗುಣಗಳಿಂದ. ಸಾಧನೆ ನಾಲ್ಕನೇ ಮೆಟ್ಟಿಲು. ನಾವು ಅಲ್ಲಿ ನಿಂತು ಮಾತಾಡುತ್ತೇವೆ, ಮಕ್ಕಳಿನ್ನೂ ಕೆಳಗೇ ಇರುತ್ತಾರೆ.

ರಟ್ಟಿನ ತ್ರಿಭುಜ ಕತ್ತರಿಸಿ ಕೈಗೆ ಕೊಡಿ. ತಿರುಗಿಸಲಿ, ಮಗುಚಲಿ. ಪ್ರತಿ ಸಲವೂ ಲಂಬಕೋನದ ಮೇಲೆ ಬೆರಳಿಟ್ಟು ಎದುರಿನ ಬಾಹು ತೋರಿಸಲಿ. ಅಕ್ಷರ, ಹೆಸರು ಆಮೇಲೆ.

ನಿಮಗಂತೂ ಸುತ್ತ ತೋಟವೇ ಇದೆ. ಹೊಸ ಗಿಡ ಹಾಕುವ ಮುಂಚೆ ಹಗ್ಗ ಹಿಡಿದು ಗೂಟ ಹೊಡೆಯುವುದನ್ನು ಎಷ್ಟೋ ಮಕ್ಕಳು ನೋಡಿರುತ್ತಾರೆ. ರೊಬಸ್ಟಾ ಹತ್ತಡಿಗೆ ಹತ್ತಡಿಯಾದರೆ ಎಕರೆಗೆ ಸುಮಾರು 435 ಗಿಡ. ಗಿಡದಿಂದ ಗಿಡಕ್ಕೆ ಅದೇ ಹತ್ತಡಿ ಬಿಟ್ಟು, ಚೌಕದ ಬದಲು ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಎಷ್ಟು? ಚುಕ್ಕಿ ಇಟ್ಟು ಬರೆಸಿ. ಸಾಲಿನಿಂದ ಸಾಲಿಗಿರುವ ದೂರ ಸಮಬಾಹು ತ್ರಿಭುಜದ ಎತ್ತರವೆಂದು ಅವರೇ ಕಂಡುಕೊಳ್ಳುತ್ತಾರೆ. 100ರಲ್ಲಿ 25 ಕಳೆದರೆ 75, ಅದರ ವರ್ಗಮೂಲ 8.66 ಅಡಿ. ಗಿಡ ಸುಮಾರು 503! ಪೈಥಾಗೊರಸ್‌ಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುವುದಿಲ್ಲ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ತಾಗಿಸಿ ಅಳೆಯಬೇಕೋ ಮಟ್ಟವಾಗಿ ಹಿಡಿದೋ ಎಂದು ಯಾರಾದರೂ ಕೇಳಿದರೆ ಪಾಠ ಇನ್ನೂ ಚೆನ್ನಾಗುತ್ತದೆ: 30 ಡಿಗ್ರಿ ಇಳಿಜಾರಲ್ಲಿ ಮಟ್ಟದ ಹತ್ತಡಿ ಎಂದರೆ ನೆಲದ ಮೇಲೆ ಹನ್ನೊಂದೂವರೆ ಅಡಿ.

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಮೇಷ್ಟ್ರು ಕಾಗದ ಕತ್ತರಿಸಿ ಪ್ರಮೇಯ ಮಾಡಿಸುತ್ತಾರಂತೆ. ಪರೀಕ್ಷೆಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಬರೆದರೆ ತಾನೆ ಅಂಕ?
– ಕಾಫಿ ಬೆಳೆಗಾರರು, ಕಳಸ

ಉತ್ತರ: ಹೌದು ಸ್ವಾಮಿ, ಅಂಕ ಅದಕ್ಕೇ. ಕತ್ತರಿಯಲ್ಲೇ ಪಾಠ ಮುಗಿದರೆ ನಿಮ್ಮ ಆತಂಕ ನ್ಯಾಯವಾದದ್ದು. ಮನೆಯಲ್ಲಿ ಇದನ್ನು ಮಾಡಿಸಿ. ಗ್ರಾಫ್ ಹಾಳೆಯಿಂದ 8ಕ್ಕೆ 8ರ ಚೌಕ ಕತ್ತರಿಸಿ, 8ಕ್ಕೆ 3 ಮತ್ತು 8ಕ್ಕೆ 5ರ ಎರಡು ಪಟ್ಟಿ ಮಾಡಿ. ಮೊದಲನೆಯದನ್ನು ಮೂಲೆಯಿಂದ ಮೂಲೆಗೆ ಸೀಳಿ ಎರಡು ತ್ರಿಭುಜ, ಎರಡನೆಯದನ್ನು ಓರೆಯಾಗಿ ಕತ್ತರಿಸಿ 5 ಮತ್ತು 3 ಸಮಾಂತರ ಬಾಹುಗಳಿರುವ ಎರಡು ತ್ರಾಪಿಜ್ಯ. ನಾಲ್ಕನ್ನೂ ಬೇರೆ ರೀತಿ ಜೋಡಿಸಿದರೆ 13ಕ್ಕೆ 5ರ ಆಯತ ಬರುತ್ತದೆ. 64 ಮನೆ ಹೋಗಿ 65! ಒಂದು ಮನೆ ಎಲ್ಲಿಂದ ಬಂತು? ತ್ರಿಭುಜದ ಓರೆ ಎಂಟಕ್ಕೆ ಮೂರು, ತ್ರಾಪಿಜ್ಯದ್ದು ಐದಕ್ಕೆ ಎರಡು. ಒಂದೇ ಗೆರೆಯಂತೆ ಕಂಡರೂ ನಡುವೆ ಕೂದಲೆಳೆಯಂಥ ಸಂದಿ ಇದೆ. ಕಣ್ಣು ಹೀಗೆ ಮೋಸಹೋಗುತ್ತದೆ ಎಂದು ಒಮ್ಮೆ ತಿಳಿದ ಹುಡುಗಿ ಸಾಧನೆಯ ಪ್ರತಿ ಸಾಲಿಗೂ ಕಾರಣ ಬರೆಯುತ್ತಾಳೆ. ಮೇಷ್ಟರನ್ನು ತಡೆಯಬೇಡಿ, ಕತ್ತರಿಸಿದ ದಿನವೇ ಸಾಧನೆಯನ್ನೂ ಬರೆಸಿ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಸ್ಮಾರ್ಟ್ ಬೋರ್ಡಿದ್ದೂ ಇಲ್ಲದಂತೆ.
– ಮುಖ್ಯ ಶಿಕ್ಷಕರು, ಕೊಟ್ಟಿಗೆಹಾರದ ಹತ್ತಿರ

ಉತ್ತರ: ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಉಚಿತ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್ನೆಟ್ ಬೇಡ, ಚಾರ್ಜ್ ಇದ್ದರೆ ಸಾಕು. ಅರ್ಧವೃತ್ತದ ಮೇಲಿನ ಬಿಂದುವನ್ನು ಮಕ್ಕಳೇ ಎಳೆದಾಡಲಿ. ಕೋನ 90 ಬಿಟ್ಟು ಕದಲುವುದಿಲ್ಲ. ಅದೂ ಆಗದಿದ್ದರೆ ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಸಿಲ್ವರ್ ಓಕ್‌ನ ತುದಿಯನ್ನು ಸ್ಟ್ರಾದೊಳಗಿಂದ ನೋಡುತ್ತ, ದಾರ 45ರ ಮೇಲೆ ನಿಲ್ಲುವವರೆಗೆ ಹಿಂದೆ ಸರಿಯಲಿ. ಬುಡದಿಂದ ಅಲ್ಲಿಗಿರುವ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಬಿಸಿಲು, ನೆರಳು ಯಾವುದೂ ಬೇಡ. ಆದರೆ ಇಳಿಜಾರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಮೈದಾನವೋ ಕಾಫಿ ಕಣವೋ, ಮಟ್ಟದ ಜಾಗದ ಪಕ್ಕದ ಮರವನ್ನೇ ಆರಿಸಿಕೊಳ್ಳಿ.