ಬೂದಿದಿಬ್ಬದ ಪಾಠ: ‘ಹೇಗೆ ಗೊತ್ತಾಯ್ತು?’

ನವಶಿಲಾಯುಗವನ್ನು ಕುರಿತ ನನ್ನ ಮೊದಲ ಅಭ್ಯಾಸ ಪಾಠ ಇಪ್ಪತ್ತು ನಿಮಿಷಕ್ಕೇ ಮುಗಿದುಹೋಯಿತು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳು ಎಂದು ಕಪ್ಪುಹಲಗೆಯ ಮೇಲೆ ಬರೆದೆ; ಮಕ್ಕಳು ನಕಲು ಮಾಡಿಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಸಗಣಿ ಅಂತ ಹೇಗೆ ಗೊತ್ತಾಯ್ತು ಸರ್?’ ಎಂದಳು. ‘ವಿದ್ವಾಂಸರು ಕಂಡುಹಿಡಿದಿದ್ದಾರೆ’ ಎಂದೆ. ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಆ ಉತ್ತರವನ್ನು ಬರೆದು ಅಡಿಗೆರೆ ಎಳೆದಿದ್ದರು, ಬೇರೇನೂ ಬರೆದಿರಲಿಲ್ಲ.

ಮುಂದಿನ ವಾರ ಇನ್ನೊಂದು ವಿಭಾಗಕ್ಕೆ ಅದೇ ಘಟಕ. ಈ ಸಲ ಉತ್ತರವನ್ನು ಬಚ್ಚಿಟ್ಟು ಕುಡತಿನಿಯ ದಿಬ್ಬದ ಚಿತ್ರವನ್ನಷ್ಟೇ ತೋರಿಸಿದೆ. ಗಾಜಿನಂತೆ ಕರಗಿ ಗಟ್ಟಿಯಾದ ತುಣುಕುಗಳು ಅಲ್ಲಿ ಸಿಗುತ್ತವೆ ಎಂದು ಮಾತ್ರ ಹೇಳಿದೆ. ಜ್ವಾಲಾಮುಖಿ, ಕಬ್ಬಿಣ ಕರಗಿಸಿದ ಜಾಗ, ಸ್ಮಶಾನ ಎಂದು ಊಹೆಗಳು ಬಂದವು. ಇವನ್ನೇ ಹಿಂದಿನ ಶೋಧಕರೂ ಊಹಿಸಿದ್ದರು. ಸ್ಥಳೀಯ ಕಥೆಯಲ್ಲಂತೂ ಅದು ರಾಕ್ಷಸನ ಚಿತೆಯ ಬೂದಿ. ಮಕ್ಕಳ ಊಹೆಯನ್ನು ‘ತಪ್ಪು’ ಎನ್ನಲು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ.

ಆಮೇಲೆ ಒಬ್ಬೊಬ್ಬರ ಸಾಕ್ಷ್ಯವನ್ನು ಒಂದೊಂದು ಗುಂಪಿಗೆ ಚೀಟಿಯಲ್ಲಿ ಕೊಟ್ಟೆ. ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಇದು ದನದ ಸಗಣಿಯ ಬೂದಿ ಎಂಬ ನಿಲುವಿಗೆ ಬಂದರು. 1960ರಲ್ಲಿ ಝಾಯ್ನರ್ ಬೂದಿಯನ್ನೇ ಪರೀಕ್ಷಿಸಿ ಆ ನಿಲುವನ್ನು ಬಲಪಡಿಸಿದರು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಅದು ಸಗಣಿಗೂ ಬರುತ್ತದೆ, ಹೆಚ್ಚಿನ ಶಾಖದಲ್ಲಿ ಕರಗಿ ಗಾಜಾಗುತ್ತದೆ. ಇದನ್ನು ಹೇಳುವಾಗ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ! ಆಲ್ಚಿನ್ ಪುರಾತತ್ತ್ವಜ್ಞರು, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು ದೊಡ್ಡಿಯ ಬೇಲಿಗಂಬಗಳ ಗುಳಿಗಳನ್ನೂ ದನಗಳ ಗೊರಸಿನ ಗುರುತುಗಳನ್ನೂ ಕಂಡರು. ಗೊರಸಿನ ಚೀಟಿ ಓದಿದ ಗುಂಪು ಕೂಗಿಯೇಬಿಟ್ಟಿತು.

ಪ್ರಯೋಗಾಲಯದ ಪರೀಕ್ಷೆ ‘ಸಗಣಿ’ ಎನ್ನುತ್ತದೆ, ‘ದೊಡ್ಡಿ’ ಎನ್ನುವುದಿಲ್ಲ. ದೊಡ್ಡಿ ತಿಳಿಯಲು ಅಗೆಯಬೇಕು. ಗೊಬ್ಬರವಾಗಬೇಕಾದ್ದನ್ನು ಸುಟ್ಟದ್ದೇಕೆ ಎಂಬುದಕ್ಕೆ ಅಗೆತವೂ ಸಾಲದು. ಆಲ್ಚಿನ್ ಅದಕ್ಕಾಗಿ ಇಂದಿನ ಬೆಂಕಿಯ ಹಬ್ಬಗಳತ್ತ ನೋಡಿದರು. ಇದನ್ನು ಹೇಳಿದಾಗ, ಅವಲೋಕನಕ್ಕೆ ಕುಳಿತಿದ್ದ ಮಂಡ್ಯ ಕಡೆಯ ಸಹಪಾಠಿ ಎದ್ದು ನಿಂತು, ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕೈಬೀಸಿ ವರ್ಣಿಸಿದ. ಅವಲೋಕಕ ಮಾತಾಡಬಾರದೆಂಬ ನಿಯಮ ಮುರಿಯಿತು, ನನಗೆ ಬೇಸರವಾಗಲಿಲ್ಲ. ಆದರೆ ಹಬ್ಬದ ಹೋಲಿಕೆ ಪುರಾವೆಯಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಮೂರು ಸಾವಿರ ವರ್ಷಕ್ಕೂ ಹಿಂದಿನವರು ಸಂಕ್ರಾಂತಿ ಆಚರಿಸುತ್ತಿದ್ದರೆಂದು ಇಬ್ಬರು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು.

ಗಂಟೆ ಹೊಡೆದಾಗ ಮೌಲ್ಯಮಾಪನದ ಹಂತ ಬಾಕಿ ಉಳಿದಿತ್ತು, ಅದರ ಅಂಕವೂ ಹೋಯಿತು. ಮರುದಿನ ಮೊದಲ ವಿಭಾಗಕ್ಕೆ ಹೋಗಿ ಆ ಹುಡುಗಿಯ ಕೈಗೆ ಚೀಟಿಗಳನ್ನು ಕೊಟ್ಟೆ. ಓದಿ, ‘ಹಾಗಾದರೆ ಯಾಕೆ ಸುಟ್ಟರು ಅನ್ನೋದು ಇನ್ನೂ ಗೊತ್ತಿಲ್ವಾ ಸರ್?’ ಎಂದಳು.