ಮಗಳ ನೋಟ್‌ಬುಕ್ಕಿನೊಳಗೆ ಒಬ್ಬ ಕೊಲೆಗಾತಿ

ಪ್ರಶ್ನೆ: ನಾವು ಬೈಂದೂರು ಕಡೆಯವರು. ಮಗಳು ಕುಂದಾಪುರದಲ್ಲಿ ಪ್ರಥಮ ಪಿಯುಸಿ. ರಾಜರ ಕಾಲದ ಕೊಲೆಗಾತಿ ಹುಡುಗಿಯರ ಇಂಗ್ಲಿಷ್ ಕಾದಂಬರಿಗಳ ಹುಚ್ಚು ಅವಳಿಗೆ. ಈಗ ತಾನೇ ಒಂದನ್ನು ಬರೆಯುತ್ತಿದ್ದಾಳೆ. ಹಳೆಯ ಬಾರಕೂರಿನಲ್ಲಿ ಹದಿನಾರರ ಹುಡುಗಿಯೊಬ್ಬಳು ಅಧಿಕಾರಿಗೆ ವಿಷವಿಕ್ಕುವ ಕಥೆ. ಓದಿ ಕೈಕಾಲು ತಣ್ಣಗಾಯಿತು. ನೋಟ್‌ಬುಕ್ ಅಡಗಿಸಿಟ್ಟೆ. ಅವಳೀಗ ಮಾತು ಬಿಟ್ಟಿದ್ದಾಳೆ. ಮಗಳ ಮನಸ್ಸು ಕೆಟ್ಟಿದೆಯೇ?

ಉತ್ತರ: ನಿಮ್ಮ ಗಾಬರಿ ಸಹಜ. ಮಗಳ ಅಕ್ಷರದಲ್ಲಿ ವಿಷ, ಚೂರಿ ಕಂಡರೆ ಯಾವ ತಾಯಿಗೂ ಎದೆ ಧಸಕ್ಕೆನ್ನುತ್ತದೆ. ಆದರೆ ಕೊಲೆಯ ಕಥೆ ಬರೆದ ಮಾತ್ರಕ್ಕೆ ಮನಸ್ಸು ಕೆಟ್ಟಿದೆ ಎನ್ನಲಾಗದು. ದೇವಿ ಮಹಾತ್ಮೆ ಯಕ್ಷಗಾನದಲ್ಲಿ ಮಹಿಷಾಸುರನ ವಧೆಯನ್ನು ನಮ್ಮ ಮಕ್ಕಳು ರಾತ್ರಿಯಿಡೀ ಕೂತು ನೋಡುತ್ತಾರೆ. ಅದಕ್ಕೆ ನಾವು ಹೆದರಿದ್ದುಂಟೇ?

ಇಂಥ ಕಾದಂಬರಿಗಳಲ್ಲಿ ಹೆಸರಾದದ್ದು ರಾಬಿನ್ ಲಫೀವರ್ಸ್ ಬರೆದ, 2012ರಲ್ಲಿ ಪ್ರಕಟವಾದ ‘ಗ್ರೇವ್ ಮರ್ಸಿ’. ಹದಿನೈದನೇ ಶತಮಾನದ ಬ್ರಿಟನಿಯ ಕಥೆ. ಅಪ್ಪನ ಹೊಡೆತ, ಒತ್ತಾಯದ ಮದುವೆಯಿಂದ ತಪ್ಪಿಸಿಕೊಂಡ ಇಸ್ಮೇ ಸನ್ಯಾಸಿನಿಯರ ಮಠವೊಂದರಲ್ಲಿ ಕೊಲ್ಲುವ ವಿದ್ಯೆ ಕಲಿಯುತ್ತಾಳೆ. ಆದರೆ ಕಥೆ ಸಾಗಿದಂತೆ ಮಠದ ಅಪ್ಪಣೆಯನ್ನೇ ಪ್ರಶ್ನಿಸತೊಡಗುತ್ತಾಳೆ. ನಮ್ಮಲ್ಲೂ ವಿಷಕನ್ಯೆ ಇದ್ದಳು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಂದ್ರಗುಪ್ತನಿಗೆಂದು ಕಳಿಸಿದ ಅವಳಿಂದ ಸತ್ತವನು ಅವನ ಮಿತ್ರರಾಜ ಪರ್ವತಕ. ಪಾಪ, ಆ ಹುಡುಗಿಗೆ ಹೆಸರಿಲ್ಲ, ಮಾತಿಲ್ಲ. ಅವಳು ಬೇರೆಯವರ ಕೈಯ ಆಯುಧ. ಇಂದಿನ ಕಾದಂಬರಿಗಳು ಅಂಥವಳಿಗೆ ಹೆಸರು, ಸಿಟ್ಟು, ಬೇಡವೆನ್ನುವ ಹಕ್ಕು ಕೊಟ್ಟಿವೆ. ‘ಹೊತ್ತು ಮುಳುಗುವುದರೊಳಗೆ ಮನೆ ಸೇರು’ ಎಂದು ದಿನವೂ ಕೇಳುವ ಹುಡುಗಿಗೆ, ರಾತ್ರಿ ಒಬ್ಬಳೇ ಕೋಟೆ ಹತ್ತುವ ನಾಯಕಿ ಇಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಮಾಡಬೇಕಾದದ್ದು ಇಷ್ಟು.

ಮೊದಲು ನೋಟ್‌ಬುಕ್ ವಾಪಸು ಕೊಡಿ. ಕೇಳದೆ ಓದಿದ್ದು ತಪ್ಪಾಯಿತೆನ್ನಿ. ಅದರಿಂದ ತಾಯಿಯ ಸ್ಥಾನ ಕಿರಿದಾಗದು.

ಅವಳ ಸಿಟ್ಟು ಇಳಿದ ಮೇಲೆ, ‘ಆ ಹೆಣ್ಣಿನ ಕಥಿ ನಂಗೂ ಹೇಳ್ ಕಾಂಬ’ ಎನ್ನಿ. ನಡುವೆ ತಿದ್ದಬೇಡಿ. ‘ಅವಳು ಯಾರನ್ನು ಕೊಲ್ಲಲು ಒಪ್ಪುವುದಿಲ್ಲ? ಯಾಕೆ?’ ಎಂದು ಕೇಳಿ. ನ್ಯಾಯ ಅನ್ಯಾಯದ ಬಗ್ಗೆ ಮಗಳು ಏನು ಯೋಚಿಸುತ್ತಿದ್ದಾಳೆಂಬುದು ಆ ಉತ್ತರದಲ್ಲಿ ತಿಳಿಯುತ್ತದೆ. ಅವಳು ಓದುವ ಪುಸ್ತಕಗಳಲ್ಲಿ ಒಂದನ್ನು ನೀವೂ ಓದಿ; ಹಿಂಸೆ ಅತಿಯಾಯಿತು ಅನ್ನಿಸಿದರೆ ಅದನ್ನೂ ಅವಳ ಜೊತೆ ಮಾತಾಡಿ. ಒಂದು ರಜೆಯ ದಿನ ಬಾರಕೂರಿಗೆ ಕರೆದೊಯ್ಯಿರಿ. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಆಡಳಿತ ಕೇಂದ್ರವಾಗಿದ್ದ ಊರು ಅದು. ಅವಳ ಕಥೆಗೂ ಬಲ ಬಂದೀತು.

ಒಂದು ಎಚ್ಚರಿಕೆ ಮಾತ್ರ ಇರಲಿ. ನಿದ್ದೆ, ಊಟ, ಗೆಳತಿಯರು ದೂರವಾದರೆ, ತನಗೇ ನೋವು ಮಾಡಿಕೊಳ್ಳುವ ಮಾತು ಬಂದರೆ, ಕಥೆಯ ದುಷ್ಟ ನಿಜವಾದ ಯಾರನ್ನೋ ಹೋಲುತ್ತಾನೆ ಎನ್ನಿಸಿದರೆ ತಡಮಾಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಅವಳನ್ನು ಪೀಡಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಅಂಥದ್ದೇನೂ ಕಾಣದಿದ್ದರೆ ನಿಶ್ಚಿಂತೆಯಿಂದಿರಿ, ಅವಳು ಕಥೆ ಮುಗಿಸಲಿ.